ನೀರು ಎಲ್ಗಂಟ?

ಹಾಸನದ ಆಲೂಗಡ್ಡೆ ಮಂಡಿಯ ಹಿಂದೆ
ತಗಡು ಹೊದಿಸಿದ ಗೋದಾಮು.
ಮೂಟೆ ಹೋದವು, ವಾಸನೆ ಹೋಗಲಿಲ್ಲ:
ಮೊಳಕೆಯೊಡೆದ ಗಡ್ಡೆ, ಗೋಣಿ, ಒದ್ದೆ ಮಣ್ಣು.
ಆ ವಾಸನೆಯೊಳಗೇ ನಾವು ಕಟ್ಟಿದ್ದು
ಅರವತ್ತು ಗಜ ಹಸಿರು ಬಟ್ಟೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಅಂಗಡಿಯವನು ಕೇಳಿದ್ದ,
"ಇಷ್ಟೊಂದು ಹಸಿರಾ? ರೈತ ಸಂಘಕ್ಕೋ, ಉರುಸಿಗೋ?"
"ಎರಡೂ ಅಲ್ಲ, ಕಾಣದೇ ಇರೋದಕ್ಕೆ" ಅಂದೆ.
ಅವನು ನಗಲಿಲ್ಲ. ಅರ್ಧ ಗಜ ಹೆಚ್ಚೇ ಹರಿದುಕೊಟ್ಟ.

ಈ ಕಸುಬಿನಲ್ಲಿ ಶತ್ರು ಎಂದರೆ ಸುಕ್ಕು.
ಒಂದು ಮಡಿಕೆ ಉಳಿದರೆ ಅದರಡಿ ಒಂದು ನೆರಳು,
ನೆರಳು ಕಂಡರೆ ಕಂಪ್ಯೂಟರು ತಬ್ಬಿಬ್ಬು,
ನಾಳೆಯ ಆಕಾಶದಲ್ಲೊಂದು ಕೊಳಕು ಬಿರುಕು.
ಇಸ್ತ್ರಿಯ ದಸ್ತಗೀರ್ ಸಾಬರು ಇದ್ದಿಲ ಪೆಟ್ಟಿಗೆ ಹಿಡಿದು
ಏಣಿ ಹತ್ತಿ ಗೋಡೆಗೇ ಇಸ್ತ್ರಿ ಹಾಕಿದರು.
"ಆಕಾಶಕ್ಕೆ ಇಸ್ತ್ರಿ ಮಾಡಿದವನು ಈ ಜಿಲ್ಲೇಲಿ ನಾನೊಬ್ಬನೇ"
ಎಂದು ಹತ್ತು ರೂಪಾಯಿ ಜಾಸ್ತಿ ಕೇಳಿದರು.

ಚಿತ್ರದಲ್ಲಿ ಸಾವಿರ ಹೆಂಗಸರು ಸಮುದ್ರದ ದಡಕ್ಕೆ ಬರಬೇಕು.
ನಮ್ಮ ಬಜೆಟ್ಟಿನಲ್ಲಿ ಇದ್ದವಳು ಒಬ್ಬಳು:
ಗಂಗಮಾಳಮ್ಮ.
ಇದೇ ಗೋದಾಮಿನಲ್ಲಿ ಹದಿನೆಂಟು ವರ್ಷ
ಬಿತ್ತನೆ ಗಡ್ಡೆ ಆರಿಸಿದವಳು. ಕೊಳೆತದ್ದು
ಕಣ್ಣಿಗಿಂತ ಮೊದಲು ಅವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು.
ಆರು ಸೀರೆ, ಆರು ನಡಿಗೆ. ಮಿಕ್ಕದ್ದು ನನ್ನ ಕೆಲಸ:
ಅವಳನ್ನೇ ನಕಲಿಸಿ, ಎಡಬಲ ತಿರುಗಿಸಿ, ಕುಗ್ಗಿಸಿ,
ಸಾಲು ಹಿಡಿದು ಬಿತ್ತಬೇಕು.

ನೆಲದ ಮೇಲೆ ಟೇಪಿನ ಗುಣಿಸು ಗುರುತು.
"ಅಮ್ಮಾ, ಅದೇ ಸಮುದ್ರ. ಅದನ್ನ ನೋಡ್ತಾ ಬನ್ನಿ."
ಸಮುದ್ರ ಕಂಡವಳಲ್ಲ ಅವಳು. ಗೊರೂರಿನ ಡ್ಯಾಮು ಒಂದು ಸಲ,
ಅದೂ ಗೇಟು ಮುಚ್ಚಿದ್ದಾಗ.
ಟೇಪನ್ನು ಕೊಂಚ ಹೊತ್ತು ನೋಡಿ ಕೇಳಿದಳು,
"ನೀರು ಎಲ್ಗಂಟ ಬತ್ತದೆ?"

ನಿರ್ದೇಶಕರು ಫೋನಿನಲ್ಲಿದ್ದರು. ನನಗೂ ಗೊತ್ತಿರಲಿಲ್ಲ,
ನಾನಿನ್ನೂ ಸಮುದ್ರ ಕೊಂಡಿರಲಿಲ್ಲ
(ಹನ್ನೆರಡು ಸೆಕೆಂಡಿನ ತುಣುಕು, ಎಂಟುನೂರು ರೂಪಾಯಿ, ಯಾವ ದೇಶದ್ದೋ).

ಅವಳೇ ತೀರ್ಮಾನಿಸಿದಳು.
ಮೂರನೆಯ ಹೆಜ್ಜೆಗೆ ನಿಂತು, ನೆರಿಗೆಯನ್ನು
ಮೀನಖಂಡದವರೆಗೆ ಎತ್ತಿ ಹಿಡಿದಳು,
ಮುಖ ಕೊಂಚ ಕಿವುಚಿ, ತಣ್ಣಗಿದ್ದೀತು ಎಂಬಂತೆ.
ಕಟ್ ಹೇಳುವುದು ಯಾರಿಗೂ ನೆನಪಾಗಲಿಲ್ಲ.

ತೊಡಕು ತಿಳಿದದ್ದು ರಾತ್ರಿ.
ಹಸಿರು ತೆಗೆ ಎಂದು ಒತ್ತಿದೆ. ಬಟ್ಟೆ ಹೋಯಿತು,
ಜೊತೆಗೆ ಅವಳ ಗಾಜಿನ ಬಳೆಗಳೂ.
ತೋಳಿಗೂ ಮುಷ್ಟಿಗೂ ನಡುವೆ ಮೂರು ಬೆರಳು ಬಯಲು.
ಯಾರದ್ದೂ ಅಲ್ಲದ ಕೈಯೊಂದು ಸೀರೆ ಹಿಡಿದು ತೇಲುತ್ತಿದೆ.

ಬೆಳಿಗ್ಗೆಯೇ ಹೇಳಿದ್ದೆವು, ಬಳೆ ತೆಗೀರಿ ಎಂದು.
"ಮಗಳಿಗೆ ಏಳು ತಿಂಗಳು. ಅವಳ ಜೊತೇಲೇ ತೊಟ್ಟಿದ್ದು.
ತಾವಾಗೇ ಹೆಚ್ಚಿದ್ರೆ ಹೆಚ್ಲಿ, ನಾ ಕಳಚಾಕಿಲ್ಲ."
ಒಡೆಯುವುದಕ್ಕೆ ಹೆಚ್ಚುವುದು ಎನ್ನುವವರ ಜೊತೆ
ವಾದ ಮಾಡಲು ನಮ್ಮ ಬಳಿ ಪದವಿರಲಿಲ್ಲ.

ಹಾಗಾಗಿ ಕೈಯಾರೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ,
ಒಂದೊಂದರಲ್ಲೂ ಬಳೆಯ ಸುತ್ತ ಚುಕ್ಕಿಯಿಟ್ಟು ಗೆರೆ ಎಳೆದೆ.
ಎಡಗೈಗೆ ಒಂಬತ್ತು, ಬಲಗೈಗೆ ಹತ್ತು,
ಬಲಗೈಯವಕ್ಕೆ ಸಿಕ್ಕಿಸಿದ ಎರಡು ಪಿನ್ನು.
ಕೆನ್ನೆಗೆ ಹಾರಿದ್ದ ಹಸಿರನ್ನು ಒರೆಸಿದೆ, ಬೆವರು ಬಿಟ್ಟೆ.
ನಾಲ್ಕು ರಾತ್ರಿ.
ನನ್ನ ತಾಯಿಯ ಕೈಯನ್ನೂ ನಾನು
ಇಷ್ಟು ಹೊತ್ತು ನೋಡಿದವನಲ್ಲ.

ಕೊನೆಗೆ ಸಮುದ್ರ ಹಾಕಿದೆ.
ಅಲೆ ಅವಳ ಹಿಮ್ಮಡಿಗೂ ಎಟುಕಲಿಲ್ಲ,
ಎತ್ತಿದ ಸೀರೆ ಸುಳ್ಳಾಗಿ ನಿಂತಿತ್ತು.
ಸಮುದ್ರವನ್ನೇ ಹಿಡಿದು ಮೇಲಕ್ಕೆಳೆದೆ, ಎರಡು ಗೇಣು,
ಅವಳು ಹೇಳಿದಲ್ಲಿಗೆ.

ಕೂಲಿ ತೆಗೆದುಕೊಳ್ಳಲು ಬಂದ ದಿನ ತೋರಿಸಿದೆ.
ಸಾವಿರ ಗಂಗಮಾಳಮ್ಮಂದಿರು, ಸಾವಿರ ಜೊತೆ ಕೈಯಲ್ಲಿ
ಹೆಚ್ಚಿದ ಬಳೆಗಳು, ಒಂದೂ ಒಡೆಯದೆ.
ಅವಳು ನೀರು ನೋಡಲಿಲ್ಲ.
ಮುಂದಿನ ಸಾಲನ್ನು ಹರವಿದ ಗಡ್ಡೆಯಂತೆ ಕಣ್ಣಾಡಿಸಿ
ನಾಲ್ಕನೆಯವಳ ಮೇಲೆ ಹೆಬ್ಬೆರಳು ಊರಿದಳು.
"ಇದು ಕೆಟ್ಟದೆ ಕಣಪ್ಪ.
ಪಿನ್ನು ಎಡಗೈಲಿ ಅದಾವೆ."